ಗಾಜಿನ ಅಂಚಿನ ಬಾಣ

ನಮ್ಮ ಭಾವನ ಹೆಸರು ಅಂಗಡಿಯ ಬೋರ್ಡಿನ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿದೆ. ಅದನ್ನು ಓದಿದವರು ಮಾತ್ರ ಯಾರೂ ಇದ್ದಂತಿಲ್ಲ. ಬಂದವರೆಲ್ಲ ಮೆಟ್ಟಿಲು ಹತ್ತುತ್ತಲೇ "ಟಾರ್ಚ್ ಮೇಷ್ಟ್ರು ಇದಾರಾ?" ಎಂದು ಕೂಗುತ್ತಾರೆ. ಭಾವ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಳೆಯ ಕ್ಯಾಮೆರಾ ಲೆನ್ಸುಗಳನ್ನು ಬಿಚ್ಚಿ ಶುಚಿ ಮಾಡುವುದು, ಅವುಗಳಿಗೆ ಬೆಲೆ ಕಟ್ಟುವುದು ಅವರ ಕಸುಬು. ಮೂರು ಕಾಲಿನ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನೋಡುತ್ತಾರಲ್ಲ, ಆ ಮರದ ದೊಡ್ಡ ಕ್ಯಾಮೆರಾಗಳ ಲೆನ್ಸುಗಳು. ಇಂಥವನ್ನು ಈಗಲೂ ಹುಡುಕಿಕೊಂಡು ಬರುವ ಹುಚ್ಚರಿದ್ದಾರೆ. ಅವರ ಪುಣ್ಯದಿಂದ ನಮ್ಮ ಮನೆಯ ಒಲೆ ಉರಿಯುತ್ತಿದೆ.

ನಾನು ಅವರ ಹೆಂಡತಿಯ ತಂಗಿ. ಅಕ್ಕನಿಗೆ ಮಗಳು ಹುಟ್ಟಿದಾಗ ನಾಲ್ಕು ತಿಂಗಳ ಮಟ್ಟಿಗೆ ಅಂಗಡಿ ನೋಡಿಕೊಳ್ಳಲು ಬಂದವಳು, ಇಪ್ಪತ್ತೆರಡು ವರ್ಷವಾದರೂ ಮುಂದಿನ ಮೇಜು ಬಿಟ್ಟು ಎದ್ದಿಲ್ಲ. ಫೋನು, ಪಾರ್ಸೆಲ್ಲು, "ನಾಳೆ ಬನ್ನಿ, ಖಂಡಿತ ಆಗಿರುತ್ತೆ" ಎಂಬ ದಿನದ ಸುಳ್ಳು, ಎಲ್ಲ ನನ್ನದು. ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತದೆ. ಹಾಗಾಗಿ ಆ ಇಲಾಖೆಯನ್ನು ಪೂರ್ತಿ ನನಗೇ ವಹಿಸಿಬಿಟ್ಟಿದ್ದಾರೆ.

ಭಾವ ಲೆನ್ಸು ನೋಡುವ ಪರಿ ಒಂದೇ. ಕಿಟಕಿಯ ಪರದೆ ಎಳೆದು, ಪೆನ್ನಿನಷ್ಟು ಸಣ್ಣ ಟಾರ್ಚನ್ನು ಹಿಂದಿನಿಂದ ಹಿಡಿದು, ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಒಳಗೆ ಬೂಷ್ಟು ಹಿಡಿದಿದ್ದರೆ ಜೇಡನ ಕಾಲಿನಂಥ ಎಳೆ ಕಾಣುತ್ತದೆ. ಎರಡು ಗಾಜಿನ ನಡುವಿನ ಅಂಟು ಬಿಟ್ಟಿದ್ದರೆ ಅಂಚಿನಲ್ಲಿ ಎಣ್ಣೆಯ ಬಣ್ಣ ಮಿಂಚುತ್ತದೆ. ಬಟ್ಟೆಯಿಂದ ಉಜ್ಜಿ ಉಜ್ಜಿ ಹಾಳು ಮಾಡಿದ್ದರೆ ಗೀರುಗಳು ಎದ್ದು ನಿಲ್ಲುತ್ತವೆ. ಗಾಜಿನೊಳಗೆ ಒಂದೆರಡು ಗುಳ್ಳೆ ಕಂಡು ಗಿರಾಕಿ ಮುಖ ಸಪ್ಪೆ ಮಾಡಿಕೊಂಡರೆ, "ಅದು ಹುಟ್ಟಿನಿಂದ ಬಂದ ಮಚ್ಚೆ, ಏನೂ ಆಗಲ್ಲ" ಎನ್ನುತ್ತಾರೆ. ಆಮೇಲೆ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ಶಟರನ್ನು ಒಂದು ಸೆಕೆಂಡಿಗೆ ಇಟ್ಟು, ಕಿವಿಯ ಹತ್ತಿರ ಹಿಡಿದು ಒತ್ತುತ್ತಾರೆ. ಅದರ ಗುರುಗುಟ್ಟುವಿಕೆ ಸ್ವಲ್ಪ ಎಳೆದರೂ ತುಟಿ ವಕ್ರವಾಗುತ್ತದೆ. ಕೊನೆಗೆ ಒಂದು ಚೀಟಿ ಬರೆಯುತ್ತಾರೆ: ಗಾಜು ಹೇಗಿದೆ, ಶಟರ್ ಹೇಗಿದೆ, ಎಷ್ಟು ಬಾಳುತ್ತದೆ, ಕೆಳಗೆ ಸಹಿ. ದೂರದ ಊರುಗಳವರೂ ಲೆನ್ಸಿನ ಮುಖ ನೋಡದೆ ಆ ಚೀಟಿ ನೋಡಿಯೇ ಹಣ ಕಳಿಸುತ್ತಾರೆ.

ಇನ್ನೂ ಒಂದು ಅಭ್ಯಾಸವಿದೆ. ಯಾವ ಲೆನ್ಸನ್ನು ಬಿಚ್ಚಿದರೂ, ಗಾಜು ಹೊರತೆಗೆಯುವ ಮೊದಲು ಅದರ ಅಂಚಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಪುಟ್ಟ ಬಾಣ ಹಾಕುತ್ತಾರೆ. ಬಾಣದ ಮೂತಿ ಮುಂದಕ್ಕೆ. ತಿರುಗಿ ಕೂರಿಸುವಾಗ ಹಿಂದುಮುಂದು ಆಗಬಾರದಲ್ಲ, ಅದಕ್ಕೆ. ಕೆಲಸ ಮುಗಿದ ಮೇಲೆ ಲೋಹದ ಒಳಗೋಡೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಆ ದಿನದ ತಾರೀಕು ಗೀಚುತ್ತಾರೆ. "ಯಾರು ನೋಡ್ತಾರೆ ಅಂತ ಬರೀತೀರಿ?" ಎಂದು ನಾನು ಎಷ್ಟೋ ಸಲ ಕಾಡಿಸಿದ್ದೇನೆ. "ಮುಂದೆ ಬಿಚ್ಚೋನು ನೋಡ್ತಾನೆ" ಎನ್ನುತ್ತಿದ್ದರು.

ಈಚೆಗೆ ಅವರಿಗೆ ದಣಿವು. ಅರವತ್ಮೂರು ದಾಟಿತು. ಕತ್ತು ಬಗ್ಗಿಸಿ ಕೂತು ಕೂತು ಬೆನ್ನು ಹಾಗೇ ನಿಂತುಬಿಟ್ಟಿದೆ. ಬೆಳಗ್ಗೆ ಬೀಗ ತೆಗೆಯುವಾಗಲೇ "ಇನ್ನು ಸಾಕು ಕಣೇ" ಎನ್ನುತ್ತಾರೆ. ಸಂಜೆ ಬೀಗ ಹಾಕುವಾಗ ಏನೂ ಹೇಳುವುದಿಲ್ಲ. ನನಗೂ ಸಾಕಾಗಿದೆ, ಆದರೆ ನನ್ನನ್ನು ಕೇಳಿದವರು ಯಾರು?

ಒಂದು ಮಧ್ಯಾಹ್ನ ಆ ಹೆಂಗಸು ಬಂದರು. ಅರವತ್ತೈದರ ಆಸುಪಾಸು, ಬಸ್ಸಿನಲ್ಲಿ ನಿಂತೇ ಬಂದವರ ಮುಖ. ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡಿದ್ದರು.

"ಲೆನ್ಸ್ ಮಾರ್ಬೇಕಿತ್ತು. ಕೊಂಡ್ಕೊಳ್ಳೋರು ನಿಮ್ ಚೀಟಿ ಇದ್ರೇನೇ ಅಂದಿದಾರೆ" ಎಂದು ಚೀಲ ಬಿಚ್ಚಿದರು. ಹಳೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಲೆನ್ಸು. ಮುಷ್ಟಿ ಗಾತ್ರದ್ದು, ಹಿತ್ತಾಳೆ ಅಂಚು, ಮರದ ಚೌಕ ಹಲಗೆಗೆ ಕೂರಿಸಿದ್ದು.

ಭಾವ ಪರದೆ ಎಳೆದರು. ಟಾರ್ಚು ಹಿಡಿದರು. ಹಿಂದೆ, ಮುಂದೆ, ಓರೆಯಾಗಿ. ಶಟರ್ ಕಿವಿಗೆ ಹಿಡಿದರು. ಅವರ ಹುಬ್ಬು ಸಡಿಲವಾದದ್ದು ನನಗೆ ಕಂಡಿತು. ಅಂಥ ಲೆನ್ಸು ಎರಡು ಮೂರು ವರ್ಷಕ್ಕೊಂದು ಬಂದರೆ ಹೆಚ್ಚು.

"ಎಷ್ಟು ಜೋಪಾನವಾಗಿ ಇಟ್ಟಿದೀರಮ್ಮ! ಒಂದು ಗೀರಿಲ್ಲ. ಒಳ್ಳೆ ಬೆಲೆ ಬರುತ್ತೆ" ಎಂದು ಚೀಟಿ ಪುಸ್ತಕ ಎಳೆದುಕೊಂಡರು.

ಆಕೆ ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. "ಒಂದು ಮಾತು ಹೇಳ್ಬಿಡ್ತೀನಿ ಮೇಷ್ಟ್ರೇ. ಆಮೇಲೆ ಕೊಂಡೋರು ಬೈಕೋಬಾರ್ದು" ಎಂದು ಚೀಲದಿಂದ ಒಂದು ಫೋಟೋ ತೆಗೆದರು. ಶಾಲೆಯ ಮಕ್ಕಳ ದೊಡ್ಡ ಗುಂಪು, ಐದು ಸಾಲು. ನಡುವೆ ಕೂತ ಮುಖ್ಯೋಪಾಧ್ಯಾಯಿನಿಯ ಕನ್ನಡಕದ ಕಡ್ಡಿ ಎಣಿಸುವ ಹಾಗೆ ಬಂದಿತ್ತು. ಎರಡೂ ತುದಿಯ ಮಕ್ಕಳಿಗೆ ಮಾತ್ರ ಮುಖವಿರಲಿಲ್ಲ. ಹಸಿ ಗೋಡೆಯ ಮೇಲೆ ಯಾರೋ ಕೈಯಾಡಿಸಿದಂತೆ ಕಣ್ಣು ಮೂಗು ಎಲ್ಲ ಕಲಸಿಹೋಗಿತ್ತು.

"ನಮ್ಮನೆಯವ್ರು ತೆಗ್ದಿದ್ದು. ಬಿಸಿಲಲ್ಲಿ ಹೇಗೋ ನಡೀತಿತ್ತು. ಹಾಲ್ ಒಳಗೆ ತೆಗೆದ್ರೆ ಹಿಂಗೇ. ಕ್ಯಾಮೆರಾನೇ ಸೊಟ್ಟಗಾಗಿದೆ ಅಂತ ಬಡಗಿ ಹತ್ರ ಕೊಟ್ರು. ಆಗ್ಲಿಲ್ಲ. ನಿಮ್ ಹತ್ರಾನೂ ತಂದಿದ್ರು, ನೆನಪಿದ್ಯೋ ಇಲ್ವೋ. ನೀವು ಟಾರ್ಚ್ ಹಾಕಿ ನೋಡಿ, ಗಾಜು ಚೆನ್ನಾಗಿದೆ, ಒಂದ್ಸಲ ಕಣ್ಣು ತೋರ್ಸ್ಕೊಳ್ಳಿ ಅಂದ್ರಂತೆ. ನೀವು ಹೇಳಿದ್ಮೇಲೆ ಮುಗೀತು ನೋಡಿ. ಮೂರು ಸಲ ಕನ್ನಡಕ ಬದಲಾಯಿಸಿದ್ರು. ಎಂಟು ಶಾಲೆ ಕೆಲ್ಸ ಇತ್ತು ಕೈಲಿ, ಒಂದೊಂದಾಗಿ ಎಲ್ಲ ಹೋಯ್ತು. ಈ ಫೋಟೋ ಆದ್ಮೇಲೆ ಸ್ಟುಡಿಯೋ ಮುಚ್ಚಿದ್ರು. ಆಮೇಲೆ ಒಂದ್ ಆಫೀಸಲ್ಲಿ ಜೆರಾಕ್ಸ್ ಮೆಷಿನ್ ಹತ್ರ ನಿಂತ್ರು. ರಿಟೈರ್ ಆಗೋವರ್ಗೂ ಅಲ್ಲೇ."

ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಬಸ್ಸು ತಡವಾಯಿತು ಎಂದು ಹೇಳುವವರ ಹಾಗೆ ಹೇಳಿದರು. ಆ ಮನುಷ್ಯ ನನಗೆ ನೆನಪಿದ್ದರು. ಉದ್ದನೆಯ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಬಂದಿದ್ದರು. ಭಾವ ಕಣ್ಣು ತೋರಿಸಿಕೊಳ್ಳಿ ಎಂದಾಗ ನಾನು ಇದೇ ಮೇಜಿನಲ್ಲಿದ್ದೆ. ಫೋಟೋ ತೆಗೆಯುವವನಿಗೇ ಕಣ್ಣಿಲ್ಲವೇ ಎಂದು ಮನಸ್ಸಿನಲ್ಲೇ ನಕ್ಕಿದ್ದೆ ಕೂಡ.

"ಈಗ್ಯಾಕೆ ಮಾರ್ತಿದೀರಿ?" ಎಂದು ಕೇಳಿದೆ.

"ಈಗ ನಿಜವಾಗ್ಲೂ ಪೊರೆ ಬಂದಿದೆ, ಎರಡೂ ಕಣ್ಣಿಗೆ. ಆಪರೇಷನ್ ಮಾಡಿಸ್ಕೊಳ್ಳಿ ಅಂದ್ರೆ ಒಪ್ಪಲ್ಲ. ಚೆನ್ನಾಗಿದ್ದಾಗ್ಲೇ ಕೈಕೊಟ್ಟ ಕಣ್ಣು, ಅದಕ್ಕೆ ಈಗ ದುಡ್ಡು ಬೇರೆ ಸುರೀಬೇಕಾ ಅಂತಾರೆ. ನಾನೇ ಹಟ ಮಾಡಿ ತಂದೆ. ದುಡ್ಡು ಕೈಲಿದ್ರೆ ಹೆಂಗಾದ್ರೂ ಎಳ್ಕೊಂಡು ಹೋಗ್ತೀನಿ."

ಭಾವ ಫೋಟೋದಿಂದ ಕಣ್ಣು ಕಿತ್ತಿರಲಿಲ್ಲ. ಅವರ ಕೈಯ ಪೆನ್ನು ಚೀಟಿಯ ಮೇಲೆ ನಿಂತಲ್ಲೇ ನಿಂತು ಶಾಯಿಯ ಚುಕ್ಕೆ ದೊಡ್ಡದಾಗುತ್ತಿತ್ತು. ಕಣ್ಣಿನ ದೋಷವಾಗಿದ್ದರೆ ನಡುವಿನ ಹೆಂಗಸೂ ಮಸುಕಾಗಬೇಕಿತ್ತು. ಕ್ಯಾಮೆರಾ ಸೊಟ್ಟಗಿದ್ದರೆ ಒಂದೇ ಬದಿ ಕೆಡಬೇಕಿತ್ತು. ಇಲ್ಲಿ ನಡು ಚೊಕ್ಕ, ಸುತ್ತಲೂ ಒಂದೇ ಸಮನಾಗಿ ಹಾಳು. ಇಪ್ಪತ್ತೆರಡು ವರ್ಷ ಅವರ ಪಕ್ಕ ಕೂತ ನನಗೇ ತಪ್ಪು ಲೆನ್ಸಿನೊಳಗೇ ಇದೆಯೆಂದು ಹೊಳೆದ ಮೇಲೆ ಅವರಿಗೆ ಹೊಳೆಯದಿರುತ್ತದೆಯೇ?

"ಚೀಟಿ ನಾಳೆ ಕೊಡ್ತೀನಮ್ಮ. ಒಮ್ಮೆ ಬಿಚ್ಚಿ ನೋಡ್ಬೇಕು" ಎಂದರು. ಆಕೆ ವಿಳಾಸ ಬರೆಸಿ, ಫೋಟೋವನ್ನೂ ಲೆನ್ಸನ್ನೂ ಬಿಟ್ಟು ಹೋದರು.

ಭಾವ ಲೆನ್ಸಿನ ಮುಂದಿನ ಸುತ್ತುಬಳೆ ತಿರುಗಿಸಿ ಮೊದಲ ಗಾಜು ತೆಗೆದರು. ಅದರ ಬಾಣ ಸರಿಯಾಗಿತ್ತು. ಎರಡನೆಯದು ಎರಡೂ ಕಡೆ ತಗ್ಗಿರುವ ಗಾಜು. ಬರಿಗಣ್ಣಿಗೆ ಎರಡು ಮುಖವೂ ಒಂದೇ ಎನ್ನಿಸುವಂಥದ್ದು. ಅದನ್ನು ರಬ್ಬರಿನ ತುದಿಗೆ ಅಂಟಿಸಿ ಮೇಲೆತ್ತಿ, ಅಂಚನ್ನು ದೀಪಕ್ಕೆ ಹಿಡಿದರು. ಅಲ್ಲಿ ಪೆನ್ಸಿಲ್ಲಿನ ಪುಟ್ಟ ಬಾಣವಿತ್ತು. ಅದರ ಮೂತಿ ಹಿಂದಕ್ಕಿತ್ತು.

ಭಾವ ಲೋಹದ ಒಳಗೋಡೆಗೆ ಟಾರ್ಚು ಹಿಡಿದು ನೋಡಿದರು. ಆಮೇಲೆ ಅದನ್ನು ನನ್ನ ಮುಂದೆ ಇಟ್ಟು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ನಾನು ಬಗ್ಗಿ ನೋಡಿದೆ. ತಾರೀಕು ಅಕ್ಕನ ಮಗಳು ಹುಟ್ಟಿದ ದಿನದ್ದು. ಅದೇ ವರ್ಷ.

ಆ ದಿನ ನನಗೆ ಅಕ್ಷರ ಅಕ್ಷರ ನೆನಪಿದೆ. ಅಕ್ಕ ಎರಡು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಭಾವ ಎರಡು ರಾತ್ರಿ ನಿದ್ದೆಗೆಟ್ಟು, ಕೊಟ್ಟ ಮಾತಿಗೆ ಕೆಲಸ ಮುಗಿಸಿ ಬರುತ್ತೇನೆಂದು ಬೆಳಗ್ಗೆ ಅಂಗಡಿಗೆ ಬಂದಿದ್ದರು. ಹತ್ತೊಂಬತ್ತರ ನಾನು ಎರಡೆರಡು ಮೆಟ್ಟಿಲು ಹಾರುತ್ತ ಬಂದು, "ಭಾವ, ಆಯ್ತು! ಹೆಣ್ಣು ಮಗು! ಇಬ್ರೂ ಹುಷಾರು!" ಎಂದು ಕಿರುಚಿದ್ದೆ. ಅವರು ಶುಚಿಗೆಂದು ಬಂದಿದ್ದ ಇದೇ ಲೆನ್ಸಿನ ಗಾಜನ್ನು ಸರಸರನೆ ಕೂರಿಸಿ, ಬಳೆ ಬಿಗಿದು, ತಾರೀಕು ಗೀಚಿ, ನನ್ನ ಹಿಂದೆಯೇ ಓಡಿ ಬಂದಿದ್ದರು. ಪ್ರತಿ ವರ್ಷ ಆ ದಿನ ನಾವು ಆ ಓಟದ ಕತೆಯನ್ನು ಹೇಳಿಕೊಂಡು ನಗುತ್ತೇವೆ. ಭಾವ ಒಂದು ಕಾಲಿಗೆ ಅಂಗಡಿಯ ಚಪ್ಪಲಿ, ಇನ್ನೊಂದಕ್ಕೆ ಪಕ್ಕದ ಟೈಲರನ ಚಪ್ಪಲಿ ಹಾಕಿಕೊಂಡು ಬಂದದ್ದು ಮನೆಮಂದಿಗೆಲ್ಲ ಬಾಯಿಪಾಠ.

ಮೊದಲು ಬಾಯಿ ಬಿಟ್ಟವಳು ನಾನೇ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ.

"ತಿರುಗ್ಸಿ ಕೂರ್ಸಿಬಿಡಿ ಭಾವ. ಐದು ನಿಮಿಷದ ಕೆಲ್ಸ. ಒಳ್ಳೆ ಬೆಲೆ ಬರೆದು ಕೊಡಿ. ಆ ಯಮ್ಮನಿಗೂ ಒಳ್ಳೇದೇ ಆಗುತ್ತೆ. ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ" ಎಂದರು ಕಿಟಕಿಯಿಂದ ತಿರುಗದೆ. "ಅವ್ರ ಯಜಮಾನ್ರಿಗೂ ಗೊತ್ತಾಗಲ್ಲ. ಕಣ್ಣೇ ಕೆಟ್ಟಿತ್ತು ಅಂತ್ಲೇ ಸಾಯ್ತಾರೆ."

"ಹೇಳಿದ್ರೆ ನಿಮ್ ಚೀಟಿನ ನಾಳೆ ಯಾರು ನಂಬ್ತಾರೆ? ಇಷ್ಟು ವರ್ಷದ ಹೆಸ್ರು ಮಣ್ಣುಪಾಲಾಗುತ್ತೆ."

"ಹೆಸ್ರು" ಎಂದರು. ನಗಲು ನೋಡಿದರು, ಬರಲಿಲ್ಲ. "ಬರೀ ಟಾರ್ಚ್ ಹಾಕಿ ನೋಡ್ದೆ ಕಣೇ. ಟಾರ್ಚಿಗೆ ಕೊಳೆ ಕಾಣುತ್ತೆ, ಗೀರು ಕಾಣುತ್ತೆ. ಗಾಜು ಉಲ್ಟಾ ಇರೋದು ಹೆಂಗೆ ಕಾಣುತ್ತೆ? ಒಂದೇ ಒಂದ್ಸಲ ಕ್ಯಾಮೆರಾಕ್ಕೆ ಹಾಕಿ ನೋಡಿದ್ರೆ ಸಾಕಿತ್ತು. ನೋಡ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ."

ಗಾಜನ್ನು ತಿರುಗಿಸಿ ಕೂರಿಸಿದರು. ಬಾಣ ಸರಿಯಿದೆಯೇ ಎಂದು ಮೂರು ಸಲ ತೆಗೆದು ನೋಡಿ ಕೂರಿಸಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಪಾರ್ಸೆಲ್ಲಿನ ದಾರ ಕತ್ತರಿಸುತ್ತ ಕೂತೆ.

ಮರುದಿನ ಮಧ್ಯಾಹ್ನ ಲೆನ್ಸು ತೆಗೆದುಕೊಂಡು ಇಬ್ಬರೂ ಅವರ ಮನೆ ಹುಡುಕಿಕೊಂಡು ಹೋದೆವು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ಗೋಡೆಗೆ ಗಡಿಯಾರ. ಮೂಲೆಯಲ್ಲಿ ಹೊದಿಕೆ ಹೊದಿಸಿ ನಿಲ್ಲಿಸಿದ ಆ ದೊಡ್ಡ ಕ್ಯಾಮೆರಾ. ಆಕೆಯ ಗಂಡ ಮಂಚದ ಮೇಲೆ ಕೂತಿದ್ದರು. ಉದ್ದನೆಯ ಆಳು ಈಗ ಅರ್ಧಕ್ಕೆ ಮಡಚಿದಂತಿದ್ದರು. ನಮ್ಮ ಕಡೆ ಮುಖ ತಿರುಗಿಸಿದರು, ಆದರೆ ನೋಟ ನಮ್ಮಿಬ್ಬರ ನಡುವೆ ಎಲ್ಲೋ ನಿಂತಿತು.

ಕುರ್ಚಿ ಕೊಟ್ಟರೂ ಭಾವ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಬಾಣ, ತಾರೀಕು, ಮಗಳು, ಟಾರ್ಚು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. "ನಿಮ್ಮ ಕಣ್ಣಿಗೆ ಅವತ್ತು ಏನೂ ಆಗಿರ್ಲಿಲ್ಲ. ತಪ್ಪು ನಂದು" ಎಂದು ಮುಗಿಸಿದರು.

ಆಕೆ ಅಡುಗೆ ಕೋಣೆಯ ಬಾಗಿಲಲ್ಲಿ ಲೋಟ ಹಿಡಿದವರು ಹಿಡಿದ ಹಾಗೇ ನಿಂತುಬಿಟ್ಟರು.

"ಅವತ್ತೂ ನಿಮ್ಮ ಮಾತು ನಂಬ್ದೆ" ಎಂದರು ಆಕೆಯ ಗಂಡ. "ಇವತ್ತು ಹೇಳ್ತಿರೋದೂ ನಿಮ್ಮ ಮಾತೇ. ಇದನ್ನ ಯಾಕೆ ನಂಬ್ಲಿ? ತೋರ್ಸಿ."

ಗೋಡೆ ಹಿಡಿದು ಎದ್ದು ಹೋಗಿ ಹೊದಿಕೆ ಎಳೆದರು. ಆಮೇಲೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಕಾಲುಗಳ ತಿರುಪು, ಮಡಿಕೆ ಮಡಿಕೆಯ ಕಪ್ಪು ಚರ್ಮ, ಲೆನ್ಸಿನ ಹಲಗೆ ಕೂರುವ ಚಡಿ, ಎಲ್ಲವೂ ಬೆರಳಿಗೇ ಗೊತ್ತಿತ್ತು. ಲೆನ್ಸು ಕೂರಿಸಿ, ಮಬ್ಬು ಬೆಳಕಿನಲ್ಲಿ ಮಾಡುವಂತೆ ಅದರ ಕಿಂಡಿಯನ್ನು ಪೂರ್ತಿ ತೆರೆದು, ಕ್ಯಾಮೆರಾದ ಮುಖವನ್ನು ಗಡಿಯಾರದ ಗೋಡೆಗೆ ತಿರುಗಿಸಿದರು. "ಕಿಟಕಿ ಎಲ್ಲ ತೆಗಿ" ಎಂದು ಹೆಂಡತಿಗೆ ಹೇಳಿದರು. "ಮೇಷ್ಟ್ರೇ, ನೀವು ಹೋಗಿ ಆ ಗೋಡೆ ತುದೀಲಿ, ಬಾಗಿಲ ಹತ್ರ ನಿಂತ್ಕೊಳ್ಳಿ. ಗೋಡೆಗೆ ಬೆನ್ನು ತಾಗ್ಸಿ. ಅಲ್ಲಾಡ್ಬೇಡಿ."

ಭಾವ ಹೋಗಿ ನಿಂತರು. ಶಾಲೆಯಲ್ಲಿ ತಪ್ಪು ಮಾಡಿ ನಿಲ್ಲಿಸಿಕೊಂಡ ಹುಡುಗನ ಹಾಗೆ, ಕೈ ಎರಡೂ ಕೆಳಗೆ ಬಿಟ್ಟು. ಅಷ್ಟು ದಣಿದ ಭಾವನನ್ನು ನಾನು ಎಂದೂ ಕಂಡಿರಲಿಲ್ಲ.

"ಈಗ ನೀನು ಬಟ್ಟೆ ಒಳಗೆ ಹೋಗು" ಎಂದರು ಹೆಂಡತಿಗೆ. ಆಕೆ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. "ಹಿಂದಿನ ಗಾಜಿನ ಮೇಲೆ ಗಡಿಯಾರ ಕಾಣ್ಸುತ್ತಾ?"

"ತಲೆಕೆಳಗಾಗಿ ಕಾಣ್ಸುತ್ತೆ."

"ಹಂಗೇ ಕಾಣ್ಬೇಕು. ಬಲಗೈ ಹತ್ರ ಗುಂಡಿ ಇದೆ, ನಿಧಾನಕ್ಕೆ ತಿರುಗ್ಸು. ಮುಳ್ಳು ಸ್ಪಷ್ಟ ಆದ್ ತಕ್ಷಣ ಬಿಟ್ಬಿಡು."

"ಆಯ್ತು. ಅಂಕಿ ಎಲ್ಲ ಕಾಣ್ತಿದೆ."

"ನಡು ಯಾವತ್ತೂ ಕಾಣ್ತಿತ್ತು. ಅಂಚಿಗೆ ಬಾ. ಅಂಚಲ್ಲಿ ಏನಿದೆ?"

ಬಟ್ಟೆಯ ಒಳಗಿಂದ ಬಂದ ದನಿ ಸಣ್ಣಗಿತ್ತು. "ಮೇಷ್ಟ್ರು ನಿಂತಿದಾರೆ."

"ಮುಖ ಇದ್ಯಾ?"

"ಇದೆ."

"ಮೇಷ್ಟ್ರು ಅಂತ ಗೊತ್ತಿರೋದಕ್ಕೆ ಹೇಳ್ತಿದೀಯೋ, ಕಂಡು ಹೇಳ್ತಿದೀಯೋ? ಏನ್ ಮಾಡ್ತಿದಾರೆ, ಅದನ್ನ ಹೇಳು."

"ಅಳ್ತಿದಾರೆ" ಎಂದರು ಆಕೆ. "ಒರೆಸ್ಕೋತಾನೂ ಇಲ್ಲ. ಗಲ್ಲದ ಮೇಲೆ ನೀರು ನಿಂತಿರೋದು ಕಾಣ್ಸುತ್ತೆ. ಅಂಗಿ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ ಹಾಕಿದೆ, ಅದೂ ಕಾಣ್ಸುತ್ತೆ."

ಆ ಗುಂಡಿ ಹೊಲಿದವಳು ನಾನೇ. ಕಣ್ಣು ತುಂಬಿ ಬಂದು ನನಗೆ ಯಾರ ಮುಖವೂ ಕಾಣಲಿಲ್ಲ.

ಅವರು ಕ್ಯಾಮೆರಾದ ಮೇಲೆ ಅಂಗೈ ಊರಿ ನಿಂತಿದ್ದರು. "ಹಾಗಾದ್ರೆ ನನ್ ಕಣ್ಣು ಸರಿಯಾಗೇ ಇತ್ತು" ಎಂದರು. ಯಾರಿಗೆ ಹೇಳಿದರೋ. ಸ್ವಲ್ಪ ಬಿಟ್ಟು ಇನ್ನೊಂದು ಸಲ ಅದನ್ನೇ ಹೇಳಿದರು.

"ಆಪರೇಷನ್ ಖರ್ಚು ನಂದು" ಎಂದರು ಭಾವ, ನಿಲ್ಲಿಸಿದ ಜಾಗ ಬಿಟ್ಟು ಕದಲದೆ.

"ನಿಮ್ದೇ ಮತ್ತೆ. ಇನ್ಯಾರದು?" ಎಂದರು ಅವರು. ದನಿ ಒರಟಾಗಿಯೇ ಇತ್ತು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಭಾವ ಕೇಳಲೂ ಇಲ್ಲ. ರಿಟೈರ್ ಆಗುವವರೆಗೂ ಜೆರಾಕ್ಸ್ ಮೆಷಿನ್ನಿನ ಮುಂದೆ ನಿಂತವರಿಗೆ ಆ ಮಾತು ಅಷ್ಟು ಸುಲಭಕ್ಕೆ ಬಾಯಿಗೆ ಬರಬೇಕು ಎನ್ನಲು ನಾವು ಯಾರು?

ಆಕೆ ಬಟ್ಟೆಯಿಂದ ತಲೆ ಹೊರಗೆ ತೆಗೆದರು. ಕೂದಲು ಕೆದರಿತ್ತು. "ಹಾಗಾದ್ರೆ ಲೆನ್ಸು? ಮಾರೋದಾ, ಬೇಡ್ವಾ?" ಎಂದು ಗಂಡನನ್ನು ಕೇಳಿದರು.

ಅವರು ಮೂಲೆಯ ಕಪಾಟಿನ ಕಡೆ ಕೈ ಮಾಡಿದರು. ಅದರ ಮೇಲೆ ಹಳೆಯ ಶಾಲಾ ಫೋಟೋಗಳ ಕಟ್ಟು ಧೂಳು ಹಿಡಿದು ಕೂತಿತ್ತು.

"ಮಾರು. ಈಗಲ್ಲ" ಎಂದರು. "ಮೊದ್ಲು ಕಣ್ಣು ಮಾಡಿಸ್ಕೊಂಡು, ಒಂದ್ಸಲ ಈ ಲೆನ್ಸಲ್ಲಿ ಆ ಅಂಚನ್ನ ನಾನೇ ನೋಡ್ಬೇಕು."